ಕಿವಿಗೆ ಹಾಡು ಬೇಕೋ, ಕಾಪು ಬೇಕೋ?

ಭಾನುವಾರದ ಬೆಳಗು. ಪಲ್ಲಡದಿಂದ ಉಡುಮಲೈಪೇಟೆಯ ಕಡೆಗೆ ಹೋಗುವ ದಾರಿಯ ಎರಡೂ ಬದಿಗಳಲ್ಲಿ ತೆಂಗಿನ ತೋಟಗಳು. ಮಳೆ ಬಿದ್ದು ಕೆಲವು ವಾರ ಕಳೆದಿದ್ದರೆ ಮರಗಳ ಬುಡದಲ್ಲಿ ಹುಲ್ಲು ಮೊಣಕಾಲೆತ್ತರಕ್ಕೆ ಎದ್ದಿರುತ್ತದೆ. ಪೆಟ್ರೋಲಿನಿಂದ ಓಡುವ ಕಳೆ ಕತ್ತರಿಸುವ ಯಂತ್ರವನ್ನು ಹೆಗಲಿಗೆ ತೂಗುಹಾಕಿಕೊಂಡ ತರುಣನೊಬ್ಬ ಸಾಲಿನಿಂದ ಸಾಲಿಗೆ ಸಾಗುತ್ತಿರುತ್ತಾನೆ. ಕಲ್ಲು ಸಿಡಿದೀತೆಂದು ಕಣ್ಣಿಗೆ ಕನ್ನಡಕ, ಅಲಗು ತಾಗೀತೆಂದು ಕಾಲಿಗೆ ಬೂಟು. ಕಿವಿಯಲ್ಲಿ ಮಾತ್ರ ತಂತಿಯಿಲ್ಲದ ಇಯರ್‌ಫೋನು. ಅದರಲ್ಲಿ ಚಲನಚಿತ್ರದ ಹಾಡು. ಯಂತ್ರದ ಸದ್ದು ಕೇಳದಿರಲೆಂದು ಹಾಡಿನ ಧ್ವನಿಯನ್ನು ಏರಿಸಬಹುದಾದಷ್ಟು ಏರಿಸಲಾಗಿದೆ.

ಕಣ್ಣು, ಕಾಲುಗಳಂತೆ ಕಿವಿಗೂ ರಕ್ಷಣೆ ದೊರೆಯಿತೆಂದು ಆತ ನಂಬಿದ್ದಾನೆ. ನಡೆದಿರುವುದು ಅದಕ್ಕೆ ತದ್ವಿರುದ್ಧ. ಯಂತ್ರದ ಸದ್ದು ಎಲ್ಲಿಗೂ ಹೋಗಿಲ್ಲ. ಅದರ ಮೇಲೆ ಹಾಡಿನ ಸದ್ದು ಬಂದು ಕುಳಿತಿದೆ. ಕಿವಿಯೊಳಗೆ ಈಗ ಹೋಗುತ್ತಿರುವುದು ಎರಡೂ ಸೇರಿದ ಹೊರೆ. ಗದ್ದಲದ ನಡುವೆ ಹಾಡು ಸ್ಪಷ್ಟವಾಗಿ ಕೇಳಬೇಕಾದರೆ ಅದು ಗದ್ದಲವನ್ನು ಮೀರಿರಲೇಬೇಕು ಎಂಬ ಸರಳ ಸಂಗತಿಯನ್ನು ನೆನೆದರೆ ಸಾಕು, ಈ ಲೆಕ್ಕ ತಾನಾಗಿ ತಿಳಿಯುತ್ತದೆ.

ಹೊರಗೆಲಸಕ್ಕೆ ಅಗ್ಗದ, ಆದರೆ ಸದ್ದನ್ನು ಚೆನ್ನಾಗಿ ತಡೆಯುವ ಹೆಡ್‌ಫೋನು ಯಾವುದು ಎಂಬ ಪ್ರಶ್ನೆ ಇಂದು ಅನೇಕ ಮನೆಗಳಲ್ಲಿ ಕೇಳಿಬರುತ್ತಿದೆ. ಪ್ರಶ್ನೆ ಯೋಗ್ಯವಾದುದೇ. ಆದರೆ ಅಂಗಡಿಗೆ ಹೋಗುವ ಮುನ್ನ ಅದನ್ನು ಎರಡಾಗಿ ಬಿಡಿಸಿಕೊಳ್ಳಬೇಕು: ಬೇಕಾಗಿರುವುದು ಕಿವಿಗೆ ಸದ್ದನ್ನು ಕೊಡುವ ಸಾಧನವೋ, ಕಿವಿಯಿಂದ ಸದ್ದನ್ನು ತಡೆಯುವ ಸಾಧನವೋ?

ವಾರವೆಲ್ಲ ಮಗ್ಗ, ಭಾನುವಾರ ತೋಟ

ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ಈ ಪ್ರಶ್ನೆಗೆ ವಿಶೇಷ ತೂಕವಿದೆ. 2009ರಲ್ಲಿ ತಿರುಪ್ಪೂರು ಪ್ರತ್ಯೇಕ ಜಿಲ್ಲೆಯಾದರೂ ಎರಡು ಜಿಲ್ಲೆಗಳ ದುಡಿಮೆಯ ಬದುಕು ಒಂದೇ ನೂಲಿನಿಂದ ನೇಯ್ದದ್ದು. ಸೋಮನೂರು, ಪಲ್ಲಡಂ, ಮಂಗಲಂ, ಅವಿನಾಶಿಗಳ ಸುತ್ತ ವಿದ್ಯುತ್ ಮಗ್ಗಗಳ ಶೆಡ್ಡುಗಳು. ತಿರುಪ್ಪೂರಿನಲ್ಲಿ ಬನಿಯನ್ ಉದ್ಯಮ. ಪೊಳ್ಳಾಚಿ, ಉಡುಮಲೈಪೇಟೆಗಳ ಕಡೆ ತೆಂಗು ಮತ್ತು ನಾರು. ಕಾಂಗೇಯದಲ್ಲಿ ಕೊಬ್ಬರಿ, ಎಣ್ಣೆ, ಅಕ್ಕಿ ಗಿರಣಿಗಳು. ತಲೆಮಾರುಗಳಿಂದ ಇಲ್ಲಿ ನೆಲೆಸಿ ಮನೆಯೊಳಗೆ ಕನ್ನಡವನ್ನು ಆಡುತ್ತ ಬಂದ ದೇವಾಂಗ ನೇಕಾರ ಕುಟುಂಬಗಳಿವೆ, ಒಕ್ಕಲುತನದ ಕುಟುಂಬಗಳಿವೆ. ತಾಳವಾಡಿಯ ಕಡೆಯಿಂದ ಕೆಲಸಕ್ಕಾಗಿ ಬಯಲಿಗೆ ಇಳಿದು ಬಂದವರೂ ಇದ್ದಾರೆ. ಇವರಲ್ಲಿ ಅನೇಕರ ವಾರ ಎರಡು ಭಾಗವಾಗಿರುತ್ತದೆ: ಆರು ದಿನ ಮಗ್ಗ ಅಥವಾ ಗಿರಣಿ, ಏಳನೆಯ ದಿನ ಮನೆಯ ಹೊರಗೆಲಸ.

ಆ ಹೊರಗೆಲಸವೂ ಈಗ ಮೊದಲಿನಂತೆ ಮೌನವಾದುದಲ್ಲ. ಕುಡುಗೋಲಿನ ಜಾಗಕ್ಕೆ ಕಳೆ ಕತ್ತರಿಸುವ ಯಂತ್ರ ಬಂದಿದೆ, ನೇಗಿಲಿನ ಜಾಗಕ್ಕೆ ಪವರ್ ಟಿಲ್ಲರ್, ಕೊಡಲಿಯ ಜಾಗಕ್ಕೆ ಮರ ಕೊಯ್ಯುವ ಚೈನ್ ಸಾ. ಕೊಟ್ಟಿಗೆಯಲ್ಲಿ ಮೇವು ಕತ್ತರಿಸುವ ಯಂತ್ರ, ತೋಟದಲ್ಲಿ ಗರಿ ಪುಡಿಮಾಡುವ ಯಂತ್ರ, ಕರೆಂಟು ಹೋದರೆ ಡೀಸೆಲ್ ಜನರೇಟರ್. ಬೆನ್ನಿನ ನೋವು ಕಡಿಮೆಯಾಯಿತು, ಹೊತ್ತು ಉಳಿಯಿತು. ಅದರ ಬೆಲೆಯ ಒಂದು ಪಾಲನ್ನು ಕಿವಿ ಕಟ್ಟುತ್ತಿದೆ.

ಕಿವಿಯ ಮಟ್ಟಿಗೆ ಮಗ್ಗದ ಸದ್ದು ಬೇರೆ, ತೋಟದ ಸದ್ದು ಬೇರೆ ಎಂಬ ಲೆಕ್ಕವಿಲ್ಲ. ಎರಡೂ ಒಂದೇ ಖಾತೆಗೆ ಜಮೆಯಾಗುತ್ತವೆ. ಇಡೀ ವಾರ ಲಾಳಿಯ ಬಡಿತವನ್ನು ಕೇಳಿದ ಕಿವಿಗೆ ಭಾನುವಾರವಾದರೂ ವಿಶ್ರಾಂತಿ ಸಿಗಬೇಕಾಗಿತ್ತು. ಅದೇ ದಿನ ಯಂತ್ರ, ಯಂತ್ರದ ಮೇಲೆ ಹಾಡು ಎಂದಾದರೆ ಆ ಖಾತೆಗೆ ಬಿಡುವೇ ಇಲ್ಲ.

ಕೇಳಿಸುತ್ತದೆ, ತಿಳಿಯುವುದಿಲ್ಲ

ಕಿವಿಯ ಒಳಭಾಗದಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಒಂದು ಅಂಗವಿದೆ. ಅದರೊಳಗೆ ಸುಮಾರು 15 ಸಾವಿರ ಸೂಕ್ಷ್ಮವಾದ ರೋಮಕೋಶಗಳಿದ್ದು, ಅವು ಗಾಳಿಯ ಕಂಪನವನ್ನು ಮಿದುಳಿಗೆ ಅರ್ಥವಾಗುವ ಸಂಕೇತವಾಗಿ ಮಾರ್ಪಡಿಸುತ್ತವೆ. ಅತಿಯಾದ ಸದ್ದು ಈ ಕೋಶಗಳನ್ನು ಬಳಲಿಸುತ್ತದೆ. ಬಳಲಿಕೆ ದಿನದಿನವೂ ಮರುಕಳಿಸಿದರೆ ಅವು ಸಾಯುತ್ತವೆ. ಚರ್ಮದ ಗಾಯ ಮಾಯುವಂತೆ, ಉಗುರು ಮತ್ತೆ ಬೆಳೆಯುವಂತೆ ಮನುಷ್ಯನಲ್ಲಿ ಈ ಕೋಶಗಳು ಮತ್ತೆ ಹುಟ್ಟುವುದಿಲ್ಲ. ಕಳೆದುಹೋದುದನ್ನು ಮರಳಿ ತರುವ ಔಷಧಿಯಾಗಲಿ ಶಸ್ತ್ರಚಿಕಿತ್ಸೆಯಾಗಲಿ ಇಲ್ಲ. ಶ್ರವಣಯಂತ್ರ ನೆರವಾಗುತ್ತದೆ, ಆದರೆ ಅದು ಹಳೆಯ ಕಿವಿಯನ್ನು ಮರಳಿ ಕೊಡಲಾರದು.

ಸದ್ದಿನಿಂದ ಬರುವ ಕಿವುಡುತನ ಎಲ್ಲ ಧ್ವನಿಗಳನ್ನೂ ಒಟ್ಟಿಗೆ ಕಸಿದುಕೊಳ್ಳುವುದಿಲ್ಲ. ಮೊದಲು ಹೋಗುವುದು 4000 ಹರ್ಟ್ಸ್‌ನ ಆಸುಪಾಸಿನ ತೀಕ್ಷ್ಣ ಧ್ವನಿಗಳು. ಮಾತಿನಲ್ಲಿ ಸ್ವರಗಳು ತಗ್ಗಿನ, ಬಲವಾದ ಧ್ವನಿಗಳು. ಕ, ಚ, ತ, ಪ, ಶ, ಸ ಮುಂತಾದ ವ್ಯಂಜನಗಳು ತೆಳುವಾದ, ಏರಿದ ಧ್ವನಿಗಳು. ಆದುದರಿಂದ ಕಿವಿ ಕೆಡತೊಡಗಿದವರಿಗೆ ಮಾತು ಕೇಳಿಸುತ್ತದೆ, ಮಾತಿನ ಅಂಚುಗಳು ಮಾತ್ರ ಅಳಿಸಿರುತ್ತವೆ. ತಟ್ಟೆ, ಕಟ್ಟೆ, ಪಟ್ಟೆ ಎಂಬ ಮೂರು ಪದಗಳು ಅವರಿಗೆ ಒಂದೇ ಆಗಿ ಕೇಳಬಹುದು. "ಕೇಳಿಸುತ್ತದಪ್ಪಾ, ಏನು ಹೇಳಿದೆಯೆಂದು ತಿಳಿಯುವುದಿಲ್ಲ" ಎಂದು ಹಿರಿಯರು ಹೇಳುವುದು ಇದನ್ನೇ.

ಈ ಕೊರತೆ ಬರುವ ರೀತಿಯೂ ಮೋಸದ್ದು. ಸ್ಕಾಟ್ಲೆಂಡಿನ ಡಂಡಿ ನಗರದ ಸೆಣಬಿನ ಗಿರಣಿಗಳ ನೇಕಾರ ಹೆಂಗಸರ ಮೇಲೆ ನಡೆದು 1965ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ವಿಷಯದಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಸುಮಾರು 100 ಡೆಸಿಬೆಲ್‌ ಸದ್ದಿನಲ್ಲಿ ದುಡಿದ ಅವರ ಕಿವಿಯಲ್ಲಿ ಮೊದಲ 10–15 ವರ್ಷಗಳೊಳಗೆ ತೀಕ್ಷ್ಣ ಧ್ವನಿಗಳು ಕರಗಿದವು. ಮಾತಿಗೆ ಅತ್ಯಗತ್ಯವಾದ ಕೆಳಗಿನ ಧ್ವನಿಗಳಿಗೆ ಹಾನಿ ಹಬ್ಬಿದ್ದು ಅದಾದ ಮೇಲೆ, ನಿಧಾನವಾಗಿ. ಅಂದರೆ ತೊಂದರೆ ಅನುಭವಕ್ಕೆ ಬರುವ ವೇಳೆಗೆ ಹಾನಿ ಹಳೆಯದಾಗಿರುತ್ತದೆ. ಇಪ್ಪತ್ತರ ತರುಣನಿಗೆ ಏನೂ ಅನ್ನಿಸುವುದಿಲ್ಲ ಎಂಬುದೇ ಇದರ ಅಪಾಯ.

ಕನ್ನಡವನ್ನು ಬೀದಿಯಲ್ಲಾಗಲಿ ಅಂಗಡಿಯಲ್ಲಾಗಲಿ ಕೇಳಲು ಸಿಗದ ಊರುಗಳಲ್ಲಿ ಈ ನಷ್ಟ ಒಬ್ಬರದಾಗಿ ಉಳಿಯುವುದಿಲ್ಲ. ಮಗು ಕನ್ನಡ ಮಾಧ್ಯಮದ ಶಾಲೆಯಲ್ಲಿ ಅಕ್ಷರ ಕಲಿತರೂ ಮಾತಿನ ಹದವನ್ನು, ಗಾದೆಯನ್ನು, ಕಥೆಯನ್ನು, ಬೈಗುಳದ ಸೊಗಸನ್ನು ಕಲಿಯುವುದು ಅಜ್ಜ ಅಜ್ಜಿಯರ ಬಾಯಿಂದ. ಎರಡು ಸಲ ಕೇಳಿ ಮೂರನೆಯ ಸಲ ಕೇಳಲು ನಾಚುವ ಅಜ್ಜ ಕ್ರಮೇಣ ಮಾತನ್ನೇ ಕಡಿಮೆ ಮಾಡುತ್ತಾನೆ. ಕೂಗಿ ಹೇಳಬೇಕಾದ ಮಗು ಹೇಳುವುದನ್ನೇ ಬಿಡುತ್ತದೆ. ಮನೆಮಾತಿನ ಬಾಗಿಲು ಹಾಗೆ ಯಾರ ಗಮನಕ್ಕೂ ಬಾರದೆ ಮುಚ್ಚಿಕೊಳ್ಳುತ್ತದೆ.

ಡೆಸಿಬೆಲ್‌ ಮತ್ತು ಗಡಿಯಾರ

ಸದ್ದನ್ನು ಡೆಸಿಬೆಲ್‌ ಎಂಬ ಮಾನದಲ್ಲಿ ಅಳೆಯುತ್ತಾರೆ. ಇದು ಅಡಿ, ಗಜಗಳಂತಹ ಸಾಮಾನ್ಯ ಅಳತೆಯಲ್ಲ. 3 ಡೆಸಿಬೆಲ್‌ ಏರಿದರೆ ಸದ್ದಿನ ಶಕ್ತಿ ಇಮ್ಮಡಿಯಾಗುತ್ತದೆ. 10 ಏರಿದರೆ ಹತ್ತು ಪಟ್ಟು. 90ಕ್ಕೂ 100ಕ್ಕೂ ನಡುವಿನ ಅಂತರ ಚಿಕ್ಕದೆಂದು ಕಾಣುವುದು ಕಾಗದದ ಮೇಲೆ ಮಾತ್ರ.

ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಕುರಿತ ರಾಷ್ಟ್ರೀಯ ಸಂಸ್ಥೆ 1998ರಲ್ಲಿ ಶಿಫಾರಸು ಮಾಡಿದ ಮಿತಿ ನೆನಪಿನಲ್ಲಿಡಲು ಸುಲಭ. ಕಾಪಿಲ್ಲದ ಕಿವಿ 85 ಡೆಸಿಬೆಲ್‌ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್‌ ಏರಿಕೆಗೆ ಅವಧಿ ಅರ್ಧವಾಗುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ, 97ಕ್ಕೆ ಅರ್ಧ ಗಂಟೆ, 100ಕ್ಕೆ ಕೇವಲ 15 ನಿಮಿಷ.

ಪೆಟ್ರೋಲಿನ ಕಳೆ ಕತ್ತರಿಸುವ ಯಂತ್ರ ಹಿಡಿದವನ ಕಿವಿಗೆ ಬೀಳುವ ಸದ್ದು ಸಾಮಾನ್ಯವಾಗಿ 95ರಿಂದ 105ರ ನಡುವೆ ಇರುತ್ತದೆ. ಮರ ಕೊಯ್ಯುವ ಯಂತ್ರ ಇದಕ್ಕಿಂತ ಜೋರು. ಲಾಳಿ ಮಗ್ಗಗಳು ತುಂಬಿದ ಶೆಡ್ಡಿನಲ್ಲಿ 100ರ ಆಸುಪಾಸು. ಮನೆಯಲ್ಲಿ ಅಳತೆಯ ಉಪಕರಣವಿಲ್ಲದವರಿಗೆ ಒಂದು ಸುಲಭ ಪರೀಕ್ಷೆಯಿದೆ: ಕೈಯಳತೆಯ ದೂರದಲ್ಲಿ ನಿಂತವರೊಡನೆ ಮಾತನಾಡಲು ಕೂಗಬೇಕಾಗಿ ಬಂದರೆ ಅಲ್ಲಿನ ಸದ್ದು ಮಿತಿ ದಾಟಿದೆ ಎಂದೇ ತಿಳಿಯಬೇಕು. ಕೆಲಸ ಮುಗಿದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುವ ನಾದ ಉಳಿದರೆ, ಕಿವಿಗೆ ಹತ್ತಿ ತುರುಕಿದಂತೆ ಅನ್ನಿಸಿದರೆ ಅದು ಎಚ್ಚರಿಕೆ.

ಅಂಗಡಿಯಲ್ಲಿ ಸಿಗುವ ನಾಲ್ಕು ಬಗೆ

ಮಾರುಕಟ್ಟೆಯಲ್ಲಿ ಈ ಉದ್ದೇಶಕ್ಕೆಂದು ಜನ ಕೊಳ್ಳುವ ವಸ್ತುಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು ರಬ್ಬರಿನಂಥ ತುದಿಯುಳ್ಳ ಸಾಮಾನ್ಯ ಇಯರ್‌ಫೋನು. ಕಿವಿಯ ನಾಳವನ್ನು ಅದು ಸ್ವಲ್ಪ ಮಟ್ಟಿಗೆ ಮುಚ್ಚುತ್ತದೆ, ನಿಜ. ಆದರೆ ಎಷ್ಟು ಸದ್ದನ್ನು ತಡೆಯುತ್ತದೆಂದು ಅಳೆದು ಮುದ್ರಿಸಿದ ಸಂಖ್ಯೆ ಅಂಥ ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ. ಅದು ಹಾಡು ಕೇಳುವ ಸಾಧನ; ರಕ್ಷಣೆಯ ಸಾಧನವೆಂದು ಅದನ್ನು ನಂಬುವಂತಿಲ್ಲ.

ಎರಡನೆಯದು ಸದ್ದನ್ನು ರದ್ದು ಮಾಡುವುದೆಂದು ಜಾಹೀರಾತಿನಲ್ಲಿ ಮೆರೆಯುವ, ಎ.ಎನ್‌.ಸಿ. ಎಂಬ ಮೂರು ಅಕ್ಷರಗಳಿಂದ ಗುರುತಿಸಲ್ಪಡುವ ಹೆಡ್‌ಫೋನು. ಹೊರಗಿನ ಸದ್ದನ್ನು ಚಿಕ್ಕ ಮೈಕಿನಿಂದ ಹಿಡಿದು, ಅದಕ್ಕೆ ಸರಿಯಾಗಿ ಎದುರಾದ ಅಲೆಯನ್ನು ಹೊರಡಿಸಿ, ಎರಡನ್ನೂ ಒಂದಕ್ಕೊಂದು ತಾಗಿಸಿ ಕುಗ್ಗಿಸುವುದು ಇದರ ತಂತ್ರ. ಜರ್ಮನಿಯ ಪೌಲ್ ಲೂಯೆಗ್ ಈ ಕಲ್ಪನೆಗೆ 1936ರಲ್ಲಿಯೇ ಅಮೆರಿಕದ ಪೇಟೆಂಟ್ ಪಡೆದಿದ್ದರು. ವಿಮಾನದೊಳಗಿನ ಅಥವಾ ಬಸ್ಸಿನ ಏಕತಾನದ ತಗ್ಗು ಮೊರೆತಕ್ಕೆ ಇದು ಒಳ್ಳೆಯ ಮದ್ದು. ಆದರೆ ಅಲಗು ಕಲ್ಲಿಗೆ ತಾಗಿದಾಗಿನ ಕಿರುಚು, ಲಾಳಿಯ ಥಟ್ಟನೆಯ ಬಡಿತ, ಎಂಜಿನ್ನಿನ ತೀಕ್ಷ್ಣ ಸೀಳು ಧ್ವನಿ ಇವನ್ನು ಅದು ಹೆಚ್ಚಾಗಿ ತಡೆಯಲಾರದು. ತಗ್ಗಿನ ಮೊರೆತ ಕುಗ್ಗಿದ್ದರಿಂದ ಕಿವಿಗೆ ಹಿತವೆನಿಸುತ್ತದೆ; ಹಿತವೆನಿಸಿದ ಮಾತ್ರಕ್ಕೆ ಅಪಾಯ ತಪ್ಪಿದಂತಲ್ಲ. ಬಯಲಿನ ಗಾಳಿ ಮೈಕಿಗೆ ಬಡಿದಾಗ ಅದೇ ಒಂದು ಹೊಸ ಸದ್ದಾಗುವುದೂ ಉಂಟು. ಸಾವಿರಾರು ರೂಪಾಯಿ ಕೊಟ್ಟು ಕೊಂಡ ವಸ್ತು ಬೆವರು, ಧೂಳು, ಕತ್ತರಿಸಿದ ಹುಲ್ಲಿನ ರಸಗಳ ನಡುವೆ ಎಷ್ಟು ದಿನ ಬಾಳೀತು ಎಂಬುದು ಬೇರೆಯ ಮಾತು.

ಮೂರನೆಯದು ಇಯರ್ ಮಫ್. ನೋಡಲು ದೊಡ್ಡ ಹೆಡ್‌ಫೋನಿನಂತೆಯೇ ಇದ್ದರೂ ಇದರೊಳಗೆ ತಂತಿಯಿಲ್ಲ, ಬ್ಯಾಟರಿಯಿಲ್ಲ. ಗಟ್ಟಿ ಬಟ್ಟಲುಗಳು ಎರಡೂ ಕಿವಿಗಳನ್ನು ಪೂರ್ತಿ ಮುಚ್ಚುತ್ತವೆ. ಅಂಚಿನ ಮೆತ್ತೆ ತಲೆಗೆ ಒತ್ತಿಕೊಂಡು ಸದ್ದಿಗೆ ಸಂದು ಬಿಡುವುದಿಲ್ಲ. ಕೆಲವು ನೂರು ರೂಪಾಯಿಗಳಿಂದ ಬೆಲೆ ಆರಂಭವಾಗುತ್ತದೆ, ವರ್ಷಗಟ್ಟಲೆ ಬಾಳುತ್ತದೆ. ಆಗಾಗ ಹಾಕಿ ತೆಗೆಯಬೇಕಾದ ಕೆಲಸಕ್ಕೆ ಇದೇ ಅನುಕೂಲ.

ನಾಲ್ಕನೆಯದು ಮೆತ್ತನೆಯ ಸ್ಪಂಜಿನ ಇಯರ್ ಪ್ಲಗ್. ಒಂದು ಜೊತೆಯ ಬೆಲೆ ಒಂದೆರಡು ಲೋಟ ಚಹದ ಆಸುಪಾಸು. ಹಿತ್ತಲ ಗಿಡ ಮದ್ದಲ್ಲ ಎಂಬಂತೆ ಇದರ ಅಗ್ಗದ ಬೆಲೆಯೇ ಇದಕ್ಕೆ ಶತ್ರು. ಸರಿಯಾಗಿ ಹಾಕಿದಾಗ ಈ ನಾಲ್ಕರಲ್ಲಿ ಹೆಚ್ಚು ಸದ್ದನ್ನು ತಡೆಯಬಲ್ಲುದು ಸಾಮಾನ್ಯವಾಗಿ ಇದೇ. ಕಾಸಿಗೆ ತಕ್ಕ ಕಜ್ಜಾಯ ಎಂಬ ಗಾದೆ ಈ ಒಂದು ಕೊಳ್ಳುವಿಕೆಗೆ ಹೊಂದುವುದಿಲ್ಲ.

ಪೊಟ್ಟಣದ ಮೇಲಿನ ಸಂಖ್ಯೆ

ಕೊಳ್ಳುವಾಗ ನೋಡಬೇಕಾದುದು ಬಣ್ಣವನ್ನಲ್ಲ, ಸಂಖ್ಯೆಯನ್ನು. ಅಮೆರಿಕದ ಪದ್ಧತಿಯಲ್ಲಿ ಎನ್‌.ಆರ್‌.ಆರ್‌. ಎಂದೂ ಯುರೋಪಿನ ಪದ್ಧತಿಯಲ್ಲಿ ಎಸ್‌.ಎನ್‌.ಆರ್‌. ಎಂದೂ ಆಂಗ್ಲ ಅಕ್ಷರಗಳಲ್ಲಿ ಮುದ್ರಿಸಿರುತ್ತಾರೆ. ಭಾರತೀಯ ಮಾನಕ ಬ್ಯೂರೋದ ಐ.ಎಸ್‌. 9167 ಎಂಬ ಮಾನಕವೂ ಕಿವಿಯ ಕಾಪುಗಳಿಗೆ ಸಂಬಂಧಿಸಿದ್ದು. ಇವುಗಳಲ್ಲಿ ಒಂದೂ ಇಲ್ಲದ, ತಯಾರಕರ ವಿಳಾಸವಿಲ್ಲದ ಪೊಟ್ಟಣವನ್ನು ಎಷ್ಟೇ ಅಗ್ಗವಾಗಿದ್ದರೂ ಬಿಡುವುದು ಲೇಸು. ಯಂತ್ರೋಪಕರಣಗಳ ಊರಾದ ಕೊಯಮತ್ತೂರಿನಲ್ಲಿ ಕೈಗಾರಿಕಾ ಸುರಕ್ಷತಾ ಸಾಮಗ್ರಿಯ ಅಂಗಡಿಗಳಿಗೆ ಕೊರತೆಯಿಲ್ಲ. ಮೊಬೈಲ್ ಅಂಗಡಿಗಿಂತ ಅಲ್ಲಿ ಕೇಳುವುದು ಉತ್ತಮ. ರಸೀದಿ ಪಡೆಯುವುದನ್ನು ಮರೆಯಬಾರದು. ನಾಳೆ ವಸ್ತುವಿನಲ್ಲಿ ದೋಷ ಕಂಡರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ದೂರಿಗೆ ಅದೇ ಆಧಾರ.

ಮುದ್ರಿತ ಸಂಖ್ಯೆಯಷ್ಟೂ ರಕ್ಷಣೆ ದೊರೆಯುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಅದು ಪ್ರಯೋಗಾಲಯದಲ್ಲಿ ನುರಿತವರು ಹಾಕಿ ಅಳೆದ ಸಂಖ್ಯೆ. ವ್ಯವಹಾರದಲ್ಲಿ ಬಳಸುವ ಎಚ್ಚರಿಕೆಯ ಲೆಕ್ಕ ಹೀಗಿದೆ: ಎನ್‌.ಆರ್‌.ಆರ್‌. ಸಂಖ್ಯೆಯಿಂದ 7 ಕಳೆದು, ಉಳಿದುದನ್ನು ಅರ್ಧ ಮಾಡಬೇಕು.

ಕಳೆ ಕತ್ತರಿಸುವ ಯಂತ್ರದ ಸದ್ದು 100 ಡೆಸಿಬೆಲ್‌ ಎಂದಿಟ್ಟುಕೊಳ್ಳೋಣ. ಕಾಪಿಲ್ಲದೆ 15 ನಿಮಿಷಕ್ಕೆ ದಿನದ ಮಿತಿ ಮುಗಿಯಿತು. ಎನ್‌.ಆರ್‌.ಆರ್‌. 21 ಇರುವ ಇಯರ್ ಮಫ್ ಧರಿಸಿದರೆ 21ರಲ್ಲಿ 7 ಕಳೆದು 14, ಅದರ ಅರ್ಧ 7. ಕಿವಿಗೆ ತಲುಪುವುದು 93. ಈಗ ಸುಮಾರು ಒಂದೂಕಾಲು ಗಂಟೆ ದುಡಿಯಬಹುದು. ಎನ್‌.ಆರ್‌.ಆರ್‌. 29 ಇರುವ ಸ್ಪಂಜಿನ ಪ್ಲಗ್ ಹಾಕಿದರೆ 22ರ ಅರ್ಧ 11. ತಲುಪುವುದು 89, ದೊರೆಯುವ ಅವಧಿ ಮೂರು ಗಂಟೆಗೂ ಸ್ವಲ್ಪ ಹೆಚ್ಚು. ಎರಡನ್ನೂ ಒಟ್ಟಿಗೆ, ಅಂದರೆ ಒಳಗೆ ಪ್ಲಗ್, ಮೇಲೆ ಮಫ್ ಧರಿಸಿದರೆ ಎರಡರ ಮೊತ್ತ ಸಿಗುವುದಿಲ್ಲ. ಹೆಚ್ಚಿನದಕ್ಕೆ ಸುಮಾರು 5 ಸೇರುತ್ತದೆ. ಆಗ 84. ಇಡೀ ದಿನದ ಕೆಲಸಕ್ಕೂ ಸಾಲುತ್ತದೆ. ಮರ ಕೊಯ್ಯುವ ಯಂತ್ರಕ್ಕೆ ಈ ಜೋಡಿ ರಕ್ಷಣೆಯೇ ಯೋಗ್ಯ.

ಇನ್ನೊಂದು ಲೆಕ್ಕ ಹೆಚ್ಚು ಕಟುವಾದುದು. ಪೂರಾ 30 ಡೆಸಿಬೆಲ್‌ ತಡೆಯುವ ಅತ್ಯುತ್ತಮ ಕಾಪನ್ನು 8 ಗಂಟೆಗಳ ಕೆಲಸದಲ್ಲಿ ಅರ್ಧ ಗಂಟೆ ಮಾತ್ರ ತೆಗೆದಿಟ್ಟರೂ ಆ ದಿನದ ಒಟ್ಟು ಲಾಭ 12 ಡೆಸಿಬೆಲ್‌ಗೆ ಕುಸಿಯುತ್ತದೆ. ಆದುದರಿಂದ ಎರಡು ನಿಮಿಷಕ್ಕೊಮ್ಮೆ ತೆಗೆಯಬೇಕೆನಿಸುವ ದುಬಾರಿ ಕಾಪಿಗಿಂತ ಕೆಲಸ ಮುಗಿಯುವ ತನಕ ಮರೆತು ಧರಿಸಬಹುದಾದ ಅಗ್ಗದ ಕಾಪೇ ಮೇಲು.

ಹಾಕುವ ಬಗೆ

ಸ್ಪಂಜಿನ ಪ್ಲಗ್ ಪ್ರಯೋಜನಕ್ಕೆ ಬಾರದೆಂದು ದೂರುವವರಲ್ಲಿ ಹೆಚ್ಚಿನವರು ಅದನ್ನು ಕಿವಿಯ ಬಾಯಿಗೆ ಆನಿಸಿ ಬಿಟ್ಟಿರುತ್ತಾರೆ. ಮೊದಲು ಕೈ ತೊಳೆಯಬೇಕು. ಗ್ರೀಸು ಅಥವಾ ಕೀಟನಾಶಕ ಹತ್ತಿದ ಬೆರಳಿನಿಂದ ಅದನ್ನು ಮುಟ್ಟಲೇಬಾರದು. ಪ್ಲಗ್ಗನ್ನು ಬೆರಳುಗಳ ನಡುವೆ ಸುಕ್ಕಿಲ್ಲದಂತೆ ತೆಳ್ಳಗೆ ಬತ್ತಿಯಂತೆ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ಭಾಗವನ್ನು ಮೇಲಕ್ಕೂ ಹಿಂದಕ್ಕೂ ಎಳೆದರೆ ನಾಳ ನೇರವಾಗುತ್ತದೆ. ಆಗ ಪ್ಲಗ್ಗನ್ನು ಒಳಸೇರಿಸಿ, ಅದು ಉಬ್ಬಿ ನಾಳವನ್ನು ತುಂಬುವ ತನಕ, ಅಂದರೆ ಸುಮಾರು ಅರ್ಧ ನಿಮಿಷ, ಬೆರಳಿನಿಂದ ಹಿಡಿದಿರಬೇಕು. ತನ್ನ ಮಾತು ತನಗೆ ಕೊಡದೊಳಗಿನಿಂದ ಬಂದಂತೆ ಗುಡುಗುಟ್ಟಿ ಕೇಳಿದರೆ ಸರಿಯಾಗಿ ಕೂತಿದೆ ಎಂದರ್ಥ. ಪ್ಲಗ್ ಹಾಕಿದ ಮೇಲೆ ಅಂಗೈಗಳಿಂದ ಕಿವಿ ಮುಚ್ಚಿ ನೋಡಿದಾಗ ಹೊರಗಿನ ಸದ್ದು ಮತ್ತಷ್ಟು ಬಹಳವಾಗಿ ಇಳಿದರೆ ಸರಿಯಾಗಿ ಕೂತಿಲ್ಲ, ಮತ್ತೆ ಹಾಕಬೇಕು. ಕೊಳೆಯಾದ ಪ್ಲಗ್ಗನ್ನು ತೊಳೆದು ಬಳಸುವ ಉಳಿತಾಯ ಬೇಡ. ಕಿವಿ ಸೋರುವವರು, ಕಿವಿನೋವು ಇರುವವರು ವೈದ್ಯರನ್ನು ಕೇಳದೆ ಪ್ಲಗ್ ಹಾಕಬಾರದು. ಅವರಿಗೆ ಮಫ್ ವಾಸಿ.

ಮಫ್‌ನ ಶತ್ರು ಸಂದು. ಜುಮಕಿ, ದಪ್ಪ ಓಲೆ, ಕಿವಿಯ ಮೇಲೆ ಇಳಿಬಿದ್ದ ಕೂದಲು, ಮುಡಿದ ಹೂವಿನ ದಂಡೆ, ಮೆತ್ತೆಯ ಕೆಳಗೆ ಸಿಕ್ಕಿಕೊಂಡ ಟವೆಲಿನ ಮುಂಡಾಸು, ಕನ್ನಡಕದ ದಪ್ಪ ಕಡ್ಡಿ ಇವೆಲ್ಲ ಮೆತ್ತೆಯನ್ನು ತಲೆಯಿಂದ ಎತ್ತಿ ಸದ್ದಿಗೆ ದಾರಿ ಮಾಡುತ್ತವೆ. ಕೆಲಸದ ಹೊತ್ತಿಗೆ ಓಲೆ ತೆಗೆದಿಟ್ಟು, ಕೂದಲನ್ನು ಹಿಂದಕ್ಕೆ ಕಟ್ಟಿ, ಮುಂಡಾಸನ್ನು ಮಫ್‌ನ ಪಟ್ಟಿಯ ಮೇಲೆ ಸುತ್ತಿದರೆ ಸಾಕು. ಬಿಸಿಲಿಗೆ ಮೆತ್ತೆ ಗಟ್ಟಿಯಾಗಿ ಬಿರುಕು ಬಿಟ್ಟರೆ ಅದನ್ನು ಬದಲಿಸಬೇಕು. ಸೆಕೆಯನ್ನು ತಾಳದವರು ಬೇಸಗೆಯಲ್ಲಿ ಪ್ಲಗ್ಗನ್ನೂ ಉಳಿದ ಕಾಲದಲ್ಲಿ ಮಫ್ಫನ್ನೂ ಬಳಸಬಹುದು.

ಹಾಡು ಬೇಕೇ ಬೇಕು ಎನ್ನುವವರಿಗೂ ದಾರಿಯಿದೆ. ರೇಡಿಯೊ ಅಥವಾ ಬ್ಲೂಟೂತ್ ಅಳವಡಿಸಿದ ಇಯರ್ ಮಫ್‌ಗಳು ದೊರೆಯುತ್ತವೆ. ಅವುಗಳಲ್ಲಿ ಒಳಗಿನ ಧ್ವನಿ ಸುಮಾರು 82 ಡೆಸಿಬೆಲ್‌ ಮೀರದಂತೆ ಕಟ್ಟುಮಾಡಿದ, ತಡೆಯುವ ಸಂಖ್ಯೆಯನ್ನು ಸ್ಪಷ್ಟವಾಗಿ ಮುದ್ರಿಸಿದ ಮಾದರಿಯನ್ನೇ ಆರಿಸಬೇಕು. ಬೆಲೆ ಹೆಚ್ಚು. ಮನೆಯಲ್ಲಿ ಮಕ್ಕಳು ಹೆಡ್‌ಫೋನಿನಲ್ಲಿ ಪಾಠ, ಹಾಡು ಕೇಳುವಾಗಲೂ ಮಿತಿ ಇದೆ: ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್‌, ಮಕ್ಕಳಿಗೆ ಅಷ್ಟೇ ಅವಧಿಗೆ 75 ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಕಿವಿ ಮುಚ್ಚಿದಾಗ ಕಣ್ಣು ತೆರೆದಿರಲಿ

ಕಿವಿಗೆ ಕಾಪು ಹಾಕಿದವನಿಗೆ ಹಿಂದಿನಿಂದ ಬರುವ ಟ್ರ್ಯಾಕ್ಟರಾಗಲಿ, ಓಡಿಬರುವ ಮಗುವಾಗಲಿ ಕೇಳಿಸದೆ ಹೋಗಬಹುದು. ರಸ್ತೆಯಂಚಿನಲ್ಲಿ, ರೈಲುಹಳಿಯ ಬಳಿ, ವಾಹನ ಓಡಿಸುವಾಗ ಕಿವಿ ಮುಚ್ಚುವ ಯಾವ ಸಾಧನವೂ ಸಲ್ಲದು. ತೋಟದಲ್ಲಿಯೂ ಕೆಲಸ ಆರಂಭಿಸುವ ಮುನ್ನ ಕೈಸನ್ನೆಗಳನ್ನು ಗೊತ್ತುಮಾಡಿಕೊಳ್ಳಬೇಕು: ಕೈ ಮೇಲೆತ್ತಿದರೆ ನಿಲ್ಲಿಸು, ತೋಳು ಬೀಸಿದರೆ ಬಾ. ಯಂತ್ರ ಹಿಡಿದವನನ್ನು ಹಿಂದಿನಿಂದ ಮುಟ್ಟಬಾರದು, ಮುಂದಿನಿಂದಲೇ ಬರಬೇಕು ಎಂಬುದನ್ನು ಮಕ್ಕಳಿಗೂ ಹೇಳಿಕೊಡಬೇಕು. ಇಂಗ್ಲೆಂಡಿನ ಲ್ಯಾಂಕಾಷೈರಿನ ಹತ್ತಿ ಗಿರಣಿಗಳಲ್ಲಿ ನೇಕಾರ ಹೆಂಗಸರು ತುಟಿಯ ಚಲನೆ ಮತ್ತು ಮುಖಭಾವಗಳಿಂದಲೇ ಇಡೀ ಸಂಭಾಷಣೆ ನಡೆಸುತ್ತಿದ್ದರು. ಪಲ್ಲಡಂ, ಸೋಮನೂರುಗಳ ಮಗ್ಗದ ಮನೆಯವರಿಗೆ ಇದು ಹೊಸ ವಿದ್ಯೆಯೇನಲ್ಲ.

ಕಾನೂನು ತಲುಪುವಲ್ಲಿ, ತಲುಪದಲ್ಲಿ

ಸದ್ದಿನಿಂದ ಬಂದ ಕಿವುಡುತನವನ್ನು ಭಾರತದ ಕಾನೂನು ಬಹಳ ಹಿಂದೆಯೇ ಔದ್ಯೋಗಿಕ ಕಾಯಿಲೆಯೆಂದು ಗುರುತಿಸಿದೆ. 1948ರ ಕಾರ್ಖಾನೆಗಳ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ ಅದು ವರದಿ ಮಾಡಲೇಬೇಕಾದ ಕಾಯಿಲೆಗಳ ಸಾಲಿನಲ್ಲಿತ್ತು. 1923ರ ನೌಕರರ ಪರಿಹಾರ ಕಾಯಿದೆಯಲ್ಲಿ, ಒಬ್ಬ ಮಾಲೀಕನ ಬಳಿ ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಸತತವಾಗಿ ದುಡಿದವನಿಗೆ ಈ ಕಾರಣದಿಂದ ಕೇಳುವ ಶಕ್ತಿ ಕುಂದಿದರೆ ಪರಿಹಾರ ಕೋರುವ ಹಕ್ಕಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳ ಅನುಸೂಚಿಗಳಲ್ಲಿಯೂ ಈ ಕಾಯಿಲೆ ಉಳಿದಿದೆ. ಇ.ಎಸ್‌.ಐ. ಚಂದಾ ಕಡಿತವಾಗುವ ಗಿರಣಿ ಕೆಲಸಗಾರರು ತಮ್ಮ ಇ.ಎಸ್‌.ಐ. ಆಸ್ಪತ್ರೆಯಲ್ಲಿಯೇ ಕಿವಿ ಪರೀಕ್ಷೆ ಮಾಡಿಸಿ, ಫಲಿತಾಂಶದ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಕೊಯಮತ್ತೂರಿನ ಸಿಂಗಾನಲ್ಲೂರಿನಲ್ಲಿ ಅಂಥ ದೊಡ್ಡ ಆಸ್ಪತ್ರೆಯಿದೆ. ಕೆಲಸಕ್ಕೆ ಸೇರಿದಾಗಿನ ಒಂದು ಪರೀಕ್ಷೆ, ಆಮೇಲೆ ವರ್ಷಕ್ಕೊಂದು ಪರೀಕ್ಷೆ ಇದ್ದರೆ ಮುಂದೆ ಯಾವ ಅಧಿಕಾರಿಯ ಮುಂದೆಯೂ ಅದು ಮಾತಿಗಿಂತ ಬಲವಾದ ಸಾಕ್ಷ್ಯ.

ಆದರೆ ಕಾನೂನಿನ ಕೈ ಎಲ್ಲ ಮನೆಗಳನ್ನೂ ತಲುಪುವುದಿಲ್ಲ. ಹಳೆಯ ಕಾಯಿದೆಯಲ್ಲಿ ವಿದ್ಯುತ್ ಬಳಸುವ ಕಡೆ 10 ಕೆಲಸಗಾರರಿದ್ದರೆ ಅದು ಕಾರ್ಖಾನೆ. ಹೊಸ ಸಂಹಿತೆಯಲ್ಲಿ ಆ ಸಂಖ್ಯೆ 20. ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕಾರು ಮಗ್ಗ ಇಟ್ಟು ಗಂಡ, ಹೆಂಡತಿ, ಅಣ್ಣ, ತಮ್ಮ ಸೇರಿ ಕೂಲಿಗೆ ನೇಯುವ ಕುಟುಂಬ ಕಾರ್ಖಾನೆಯಲ್ಲ. ಸ್ವಂತ ತೋಟದ ಹುಲ್ಲು ಕತ್ತರಿಸುವವನಿಗೆ ಮಾಲೀಕನೂ ಅವನೇ, ಕೆಲಸಗಾರನೂ ಅವನೇ. ಅಂಗವೈಕಲ್ಯದ ಹಕ್ಕುಗಳ 2016ರ ಕಾಯಿದೆ ಕೂಡ ಎರಡೂ ಕಿವಿಗಳಲ್ಲಿ ಮಾತಿನ ಧ್ವನಿಗಳಿಗೆ 60 ಡೆಸಿಬೆಲ್‌ ನಷ್ಟವಾದ ಮೇಲೆಯೇ ಶ್ರವಣದೋಷವನ್ನು ಎಣಿಕೆಗೆ ತೆಗೆದುಕೊಳ್ಳುತ್ತದೆ. ಮೊಮ್ಮಗಳ ಮಾತು ಅರ್ಥವಾಗದಿರಲು ಅಷ್ಟು ನಷ್ಟ ಬೇಕಾಗಿಲ್ಲ. ಯಾವ ಅಧಿಕಾರಿಯೂ ಬಂದು ತಪಾಸಣೆ ಮಾಡದ ಈ ಜಾಗಗಳಲ್ಲಿ ತಾನೇ ಕೊಂಡ ಕಾಪೊಂದೇ ಕಾನೂನು.

ಪರೀಕ್ಷೆಯ ವಿಷಯದಲ್ಲಿ ಕನ್ನಡ ಮನೆಗಳು ಗಮನಿಸಬೇಕಾದ ಒಂದು ಮಾತಿದೆ. ಕಿವಿಯ ಪರೀಕ್ಷೆ ಎರಡು ಭಾಗದ್ದು: ಬರಿಯ ನಾದಗಳನ್ನು ಕೇಳಿಸುವುದು ಒಂದು, ಪದಗಳನ್ನು ಹೇಳಿ ಮರಳಿ ಹೇಳಿಸುವುದು ಇನ್ನೊಂದು. ಎರಡನೆಯದು ರೋಗಿಯ ಮಾತೃಭಾಷೆಯಲ್ಲಿ ನಡೆದರೇನೇ ನಿಜವಾದ ಚಿತ್ರ ದೊರೆಯುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕನ್ನಡ ಪದಪಟ್ಟಿಗಳನ್ನು ಸಿದ್ಧಪಡಿಸಿದೆ. ಮನೆಯಲ್ಲಿ ಕನ್ನಡವನ್ನೇ ಆಡಿ ಬೆಳೆದ ಅಜ್ಜಿಯನ್ನು ಪರೀಕ್ಷೆಗೆ ಕರೆದೊಯ್ದಾಗ ಆಕೆಯ ಮನೆಮಾತು ಯಾವುದೆಂದು ಮೊದಲೇ ತಿಳಿಸುವುದು ಮಕ್ಕಳ ಕರ್ತವ್ಯ.

ತೋಟದ ತರುಣನ ಬಳಿಗೆ ಮತ್ತೆ ಹೋಗುವುದಾದರೆ, ಅವನು ಮಾಡಬೇಕಾದುದು ಹೆಚ್ಚೇನಲ್ಲ. ಇಯರ್‌ಫೋನು ಮನೆಯ ಮೊಳೆಗೆ ತೂಗಲಿ. ಒಂದು ಜೊತೆ ಪ್ಲಗ್ ಜೇಬಿನ ಡಬ್ಬಿಯಲ್ಲಿರಲಿ, ಒಂದು ಮಫ್ ಯಂತ್ರದ ಹಿಡಿಕೆಗೇ ಕಟ್ಟಿರಲಿ, ಯಂತ್ರ ಎತ್ತುವಾಗ ಮರೆಯಲಾಗದಂತೆ. ಎರಡೂ ಸೇರಿ ಅವನ ಒಂದು ದಿನದ ಕೂಲಿಯ ಆಸುಪಾಸಿನ ಖರ್ಚು. ಹಾಡು ಎಲ್ಲಿಗೂ ಹೋಗುವುದಿಲ್ಲ. ಕೆಲಸ ಮುಗಿಸಿ, ಕೈಕಾಲು ತೊಳೆದು, ಜಗಲಿಯ ಮೇಲೆ ಕುಳಿತಾಗ ತಗ್ಗಿದ ಧ್ವನಿಯಲ್ಲಿ ಕೇಳಬಹುದು. ಅಷ್ಟು ಹೊತ್ತಿಗೆ ಶಾಲೆಯ ಮಗು ಪಾಠದ ಪುಸ್ತಕ ಹಿಡಿದು ಬಂದು ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಓದತೊಡಗಿದರೆ, ಎಲ್ಲಿ ತಪ್ಪಿತೆಂದು ಹೇಳಲು ಮನೆಯಲ್ಲೊಂದು ಚುರುಕಾದ ಕಿವಿ ಇರುತ್ತದೆ.